ಎಣ್ಣೆ ಹೋದ ದಾರಿ

ರೇವಣಪ್ಪ ಕೈಕಾಲು ತೊಳೆದು ಒಳಗೆ ಬರುವ ರೀತಿಯಲ್ಲೇ ಕಾಶಿಬಾಯಿಗೆ ತಿಳಿಯುತ್ತಿತ್ತು, ಅವತ್ತು ಕಾರಿನ ದೀಪ ಹತ್ತಿದೆಯೋ ಇಲ್ಲವೋ ಎಂದು. ಹತ್ತದ ದಿನ ಅವನು ಅಂಗಳದಿಂದಲೇ ಮಗಳನ್ನು ಕೂಗುತ್ತಿದ್ದ. ಹತ್ತಿದ ದಿನ ಸುಮ್ಮನೆ ಬಂದು ಗೋಡೆಗೆ ಬೆನ್ನು ಕೊಟ್ಟು ಕೂಡುತ್ತಿದ್ದ. ಆಗ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳವೊಂದೇ ಉಳಿಯುತ್ತಿತ್ತು.

"ಇವತ್ತೂ ಹತ್ತಿತೇನೋ?" ತಾಯಿ ಶೆಟ್ಟೆವ್ವ ಕೇಳಿದಳು.

"ಸಾಲೋಟಗಿ ದಾಟಿದ ಮ್ಯಾಲೆ ಹತ್ತಿತು."

"ಸಾಲೋಟಗ್ಯಾಗ ಯಾರದರ ಕಣ್ಣ ಬಿದ್ದಿರಬೇಕು. ಲಿಂಬಿಹಣ್ಣ ಕಟ್ಟಂದ್ರ ಕಟ್ಟವಲ್ಲಿ."

"ಯವ್ವಾ, ಮುಂದ ಐತಿ, ಹಿಂದ ಐತಿ. ಇನ್ನ ಸೀಟಿನ ಮ್ಯಾಲೂ ಲಿಂಬಿಹಣ್ಣ ಇಟ್ರ ಮಂದಿ ಎಲ್ಲಿ ಕುಂದ್ರಬೇಕು?"

ಹಿರಿಸೊಸೆ ಸಿದ್ದಲಿಂಗವ್ವ ಒಲೆಯ ಮುಂದೆ ನಕ್ಕಳು. ಕಾಶಿಬಾಯಿ ನಗಲಿಲ್ಲ. ಗಂಡನ ಅಂಗಿಯ ತೋಳಿಗೆ ಎಣ್ಣೆಯ ಕರಿ ಹತ್ತಿದ್ದು ಅವಳ ಕಣ್ಣಿಗೆ ಬಿದ್ದಿತ್ತು. ಅದು ಸೋಡಾಕ್ಕೂ ಹೋಗುವ ಕರಿಯಲ್ಲ.

ದೀಪವೆಂದರೆ ದೊಡ್ಡದೇನಲ್ಲ. ಸ್ಟೇರಿಂಗಿನ ಹಿಂದೆ ಕಡಲೆಬೇಳೆಯಷ್ಟು ಒಂದು ಕೆಂಪು ಗಾಜು. ಇಂಜಿನ್ನಿನಲ್ಲಿ ಎಣ್ಣೆ ಕಡಿಮೆಯಾದರೆ ಹತ್ತುತ್ತದೆ. ಹತ್ತಿದ ಮೇಲೂ ಓಡಿಸಿದರೆ ಇಂಜಿನ್ನು ಹಿಡಿದುಕೊಂಡು ನಿಂತುಬಿಡುತ್ತದೆ, ಮತ್ತೆ ಏಳುವುದಿಲ್ಲ. ಸಿಂದಗಿಯ ಗಾಣಿಗೇರ ಓಣಿಯ ಶ್ರೀಶೈಲಪ್ಪನ ಮನೆಯವರಿಗೆ ಇಷ್ಟು ತಿಳಿದದ್ದೇ ಆ ವರ್ಷ. ಪೆಟ್ರೋಲು ತುಟ್ಟಿಯಾದ ಮರುವರ್ಷ ಅದು.

ಅದಕ್ಕೂ ಮೊದಲು ಆ ಮನೆಗೆ ಗೊತ್ತಿದ್ದದ್ದು ಕುಸುಬಿ ಎಣ್ಣೆ ಒಂದೇ. ಶ್ರೀಶೈಲಪ್ಪ ಹುಡುಗನಿದ್ದಾಗಿನಿಂದ ಗಾಣದ ಎತ್ತಿನ ಹಿಂದೆ ಸುತ್ತಿದವನು. ಪೇಟೆಯಲ್ಲಿ ಎಣ್ಣೆಯ ಗಿರಣಿ ಬಂತು, ಗಾಣಕ್ಕೆ ಕುಸುಬಿ ತರುವವರು ನಿಂತರು. ಹಿರಿಮಗ ಮಡಿವಾಳಪ್ಪ ಬಜಾರದಲ್ಲಿ ಕಿರಾಣಿ ಅಂಗಡಿ ಇಟ್ಟು ಅದೇ ಗಿರಣಿಯ ಡಬ್ಬಿ ಎಣ್ಣೆ ಮಾರತೊಡಗಿದ. ಕಿರಿಮಗ ರೇವಣಪ್ಪನಿಗೆ ತಕ್ಕಡಿ ಹಿಡಿಯುವುದು ಒಗ್ಗಲಿಲ್ಲ. ಯಾರದೋ ಲಾರಿಯಲ್ಲಿ ಕ್ಲೀನರನಾಗಿ ಸೇರಿ ಗಾಡಿ ಕಲಿತುಬಂದ. ಮುದುಕ ಗಾಣದ ಎತ್ತು ಮಾರಿ, ಅದಕ್ಕಿಷ್ಟು ಕೂಡಿಸಿ, ಇಂಡಿಯ ದೇಸಾಯರೊಬ್ಬರು ಬೇಡವೆಂದು ನಿಲ್ಲಿಸಿದ್ದ ಕರಿಯ ಕಾರು ಕೊಡಿಸಿದ. ಮುಂಜಾನೆ ಸಿಂದಗಿಯಿಂದ ಇಂಡಿಗೆ ಮಂದಿ ತುಂಬಿಕೊಂಡು ಹೋಗುವುದು, ಇಳಿಹೊತ್ತಿಗೆ ತಿರುಗಿ ಬರುವುದು. ಮದುವೆಯ ಕಾಲದಲ್ಲಿ ಮುದ್ದೇಬಿಹಾಳದ ತನಕ ಬಾಡಿಗೆ. ಕಾರು ನಿಲ್ಲುತ್ತಿದ್ದದ್ದು ಹಳೆಯ ಗಾಣದ ಮನೆಯಲ್ಲಿ, ಎತ್ತು ಸುತ್ತುತ್ತಿದ್ದ ಜಾಗದಲ್ಲಿಯೇ.

ದೀಪದ ಕಾಟ ಶುರುವಾದಾಗ ಮಿಸ್ತ್ರಿ ಅಬ್ದುಲಗನಿ ಮನೆಗೇ ಬಂದು ನೋಡಿದ. ಮೊದಲ ಸಲ ಪ್ಯಾಕಿಂಗ್ ಹೋಗಿದೆ ಎಂದು ಹೊಸದು ಹಾಕಿದ. ಹತ್ತೆಂಟು ದಿನ ಸುಮ್ಮನಿದ್ದು ದೀಪ ಮತ್ತೆ ಹತ್ತಿತು. ಎರಡನೆಯ ಸಲ ದೀಪದ ವಾಯರೇ ಸುಳ್ಳು ಹೇಳುತ್ತಿದೆ ಎಂದು ವಾಯರು ಬದಲಿಸಿದ. ಮೂರನೆಯ ಸಲ ಕಾರಿನ ಕೆಳಗೆ ಮಲಗಿ ಎದ್ದು ಬಂದು, ಗಡ್ಡ ಕೆರೆದುಕೊಂಡು, "ಇಂಜಿನ್ ಮುದುಕಾಗೈತ್ರಿ. ಎಲ್ಲಾ ಸಂದಿನಾಗೂ ಎಣ್ಣಿ ಬೆವರತೈತಿ. ಬಿಚ್ಚಬೇಕು," ಎಂದ.

"ಬಿಚ್ಚಿದ ಮ್ಯಾಲೆ ದೀಪ ಹತ್ತಾಂಗಿಲ್ಲಂತ ಗ್ಯಾರಂಟಿ ಕೊಡತಿಯೇನು?" ಎಂದು ಮಡಿವಾಳಪ್ಪ ಕೇಳಿದ.

"ಮನ್ಯಾಗ ನಮ್ಮ ರಾಜಬಿ ಯಾವಾಗ ಸಿಟ್ಟಿಗೇಳ್ತಾಳಂತ ನನಗ ಗ್ಯಾರಂಟಿ ಇಲ್ಲ ಸಾಹುಕಾರ್ರ, ಇಂಜಿನ್ನಿಂದು ಎಲ್ಲಿಂದ ಕೊಡ್ಲಿ?"

ಎಲ್ಲರೂ ನಕ್ಕರು. ಮಡಿವಾಳಪ್ಪ ಮಾತ್ರ ಕಾರಿನ ಕೆಳಗಿನ ನೆಲವನ್ನು ನೋಡುತ್ತ ನಿಂತಿದ್ದ. ನೆಲದ ಮೇಲೆ ಅಂಗೈಯಷ್ಟು ಕಲೆಯಿತ್ತು. ಅಂಗಡಿಯ ದುಡ್ಡಿನಲ್ಲಿ ತರಿಸಿ ಕೊಡುತ್ತಿದ್ದ ಇಂಜಿನ್ ಎಣ್ಣೆಗೆ ಅಂಗೈಯಷ್ಟು ಕಲೆ ಯಾವ ಲೆಕ್ಕಕ್ಕೂ ಸಾಲದೆಂದು ಅವನ ಮುಖ ಹೇಳುತ್ತಿತ್ತು. ಎಣ್ಣೆ ಬೀಳುತ್ತಿದ್ದದ್ದು ಓಡುವ ದಾರಿಯಲ್ಲಿ, ನಿಂತ ಜಾಗದಲ್ಲಲ್ಲ. ಆದರೆ ದಾರಿಯ ಮೇಲೆ ಬಿದ್ದದ್ದನ್ನು ತಂದು ತೋರಿಸುವುದು ಹೇಗೆ?

ಆ ಮಾತು ಊಟದ ಹೊತ್ತಿನಲ್ಲಿ ಹೊರಬಿತ್ತು. ಗಂಡಸರು ಸಾಲಾಗಿ ಕೂತಿದ್ದರು. ಸಿದ್ದಲಿಂಗವ್ವ ಬಿಸಿ ರೊಟ್ಟಿ ನೀಡುತ್ತಿದ್ದಳು, ಕಾಶಿಬಾಯಿ ಒಳಗೆ ಬಡಿಯುತ್ತಿದ್ದಳು.

"ಮೊನ್ನೆ ಡಬ್ಬಿ ತುಂಬಾ ಕೊಟ್ಟೆ. ಮತ್ತ ಬೇಕಂತಿ," ಎಂದ ಮಡಿವಾಳಪ್ಪ.

"ಇಂಜಿನ್ ಕುಡೀತೈತಿ ಅಣ್ಣಾ. ನಾ ಏನ್ ಮಾಡ್ಲಿ?"

"ಇಂಜಿನ್ ಕುಡೀತೈತೋ, ಇಂಡ್ಯಾಗ ಯಾರರ ಕೊಂಡ ಒಯ್ತಾರೋ?"

ರೇವಣಪ್ಪನ ಕೈ ತಾಟಿನ ಮೇಲೆ ನಿಂತಿತು. "ಏನಂದಿ?"

"ಅಂದದ್ದ ಕೇಳಿದಿ."

"ಗಾಣಿಗರ ಮನ್ಯಾಗ ಕುಂತು ನನಗ ಎಣ್ಣಿ ಕಳ್ಳ ಅಂತಿಯೇನು?"

"ಎಣ್ಣಿ ಹೋಗಿದ್ದು ಖರೇ. ಹೋದ ದಾರಿ ನೀ ತೋರಿಸು. ನಾ ಅಂದ ಮಾತ ನುಂಗತೇನಿ."

ಆ ಓಣಿಯಲ್ಲಿ ಒಬ್ಬ ಇನ್ನೊಬ್ಬನಿಗೆ ಕುಡುಕ ಎನ್ನಬಹುದಿತ್ತು, ಜೂಜುಕೋರ ಎನ್ನಬಹುದಿತ್ತು. ಮರುದಿನ ಇಬ್ಬರೂ ಅದೇ ಕಟ್ಟೆಯ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದರು. ಎಣ್ಣೆ ಕಳ್ಳ ಎನ್ನುವುದು ಆ ಸಾಲಿನ ಬೈಗುಳವಲ್ಲ. ಊರ ಮಂದಿ ತಮ್ಮ ಕುಸುಬಿ ತಂದು ಗಾಣದ ಮುಂದೆ ಸುರಿದು ಹೊಲಕ್ಕೆ ಹೋಗುತ್ತಿದ್ದರು, ಸಂಜೆಗೆ ಬಂದು ಎಷ್ಟು ಕೊಟ್ಟರೆ ಅಷ್ಟು ಒಯ್ಯುತ್ತಿದ್ದರು. ಗಾಣಿಗನ ಬದುಕೆಲ್ಲ ಆ ನಂಬಿಕೆಯ ಮೇಲೆ ನಿಂತದ್ದು. ಎಣ್ಣೆ ಕದ್ದನೆಂದು ಒಮ್ಮೆ ಹೆಸರು ಬಂದವನ ಗಾಣಕ್ಕೆ ಆಮೇಲೆ ಕಾಗೆಯೂ ಬರುತ್ತಿರಲಿಲ್ಲ. ಹೆಣ್ಣು ಕೊಡುವವರೂ ಹಿಂದೆಗೆಯುತ್ತಿದ್ದರು.

ಶ್ರೀಶೈಲಪ್ಪ ಇಬ್ಬರು ಮಕ್ಕಳ ನಡುವೆ ಕೂತಿದ್ದ. "ಉಣ್ರಿ," ಎಂದಷ್ಟೇ ಹೇಳಿದ.

ರೇವಣಪ್ಪ ತಾಟಿನಲ್ಲೇ ಕೈ ತೊಳೆದುಕೊಂಡು ಎದ್ದ. ಮಡಿವಾಳಪ್ಪ ಅವನ ಬೆನ್ನಿಗೆ ಹೇಳಿದ: "ಮುದ್ದೇಬಿಹಾಳದ ಖಂಡೆಪ್ಪ ಕಾರ ಕೇಳ್ಯಾನ. ಎಳ್ಳಮವಾಸಿ ಆಗ್ಲಿ, ಕೊಟ್ಟಬಿಡೂಣು. ನೀ ಅಂಗಡ್ಯಾಗ ಬಂದು ಕುಂದ್ರು. ನನ್ನ ಕಣ್ಣಮುಂದ."

ಮಾರುವ ಮಾತಿಗಿಂತ ಆ ಕೊನೆಯ ಮಾತು ಕಾಶಿಬಾಯಿಗೆ ಹೆಚ್ಚು ನೆಟ್ಟಿತು. ಹೆಂಚಿನ ಮೇಲಿನ ರೊಟ್ಟಿ ಕರಕಾಯಿತು. ಅಂಗಳದ ಕಟ್ಟೆಯ ಮೇಲೆ ಕೂತಿದ್ದ ಗಂಡನಿಗೆ ನೀರು ಒಯ್ದಳು.

"ನೀನೂ ಹಂಗ ತಿಳದೀಯೇನು?" ಎಂದ ಅವನು.

"ನಿಮ್ಮ ಕೈ ನನಗ ಗೊತ್ತಿಲ್ಲೇನು? ಸುಮ್ಮ ನೀರ ಕುಡೀರಿ."

ಅಂದಿನಿಂದ ಅವನು ಒಂದು ಹಟ ಹಿಡಿದ. ಎಣ್ಣೆಯನ್ನು ಅಣ್ಣನೇ ಬಂದು ಸುರಿಯಬೇಕು, ತಾನು ಡಬ್ಬಿ ಮುಟ್ಟುವುದಿಲ್ಲ. ಮಡಿವಾಳಪ್ಪ ಧೋತರ ಮೇಲೆತ್ತಿಕೊಂಡು ಬಂದು ಸುರಿದು ಹೋಗುತ್ತಿದ್ದ. ಮೂರು ನಾಲ್ಕು ದಿನಕ್ಕೆ ದೀಪ ಹತ್ತಿತು. "ನಾ ಸುರದದ್ದು ಸಿಂದಗ್ಯಾಗ. ಇಂಡ್ಯಾಗ ಹೊರಗ ತಗಿಯೂದು ಎಷ್ಟೊತ್ತಿನ ಕೆಲಸ?" ಎಂದ. ಆಮೇಲೆ ಏನೂ ಮಾಡದೆಯೇ ಒಂದಷ್ಟು ದಿನ ದೀಪ ಹತ್ತಲಿಲ್ಲ. ಅದಕ್ಕೂ ಅವನ ಹತ್ತಿರ ಉತ್ತರವಿತ್ತು.

ಎಳ್ಳಮವಾಸ್ಯೆಗೆ ಹೊಲದಲ್ಲಿ ಭೂತಾಯಿಗೆ ಎಡೆ ಹಿಡಿದು ಚರಗ ಚೆಲ್ಲಲು ಎಲ್ಲರೂ ಗೊಳಸಂಗಿಗೆ ಹೋಗುವುದೆಂದಾಯಿತು. ಶೆಟ್ಟೆವ್ವನ ತವರು ಅದು. ತವರಿನ ಪಾಲಿನ ಒಂದು ತುಂಡು ಹೊಲವೂ ಅಲ್ಲಿತ್ತು. ಹಿಂದಿನ ದಿನ ಮನೆ ತುಂಬ ಅಡಿಗೆ. ಸಿದ್ದಲಿಂಗವ್ವ ಎಳ್ಳು ಹಚ್ಚಿ ಸಜ್ಜೆರೊಟ್ಟಿ ಬಡಿದಳು. ಕಾಶಿಬಾಯಿ ಕಡಬು ಬೇಯಿಸಲು ದೊಡ್ಡ ಬೋಗಾಣಿ ಏರಿಸಿದಳು. ಲಗೂ ಬೇಯಲೆಂದು ಮುಚ್ಚಳದ ಸುತ್ತ ಹಸಿ ಅರಿವೆ ಬಿಗಿದು, ಮೇಲೆ ಕಲ್ಲಗುಂಡು ಹೇರಿದಳು. ಸ್ವಲ್ಪ ಹೊತ್ತಿಗೆ ಅರಿವೆಯ ಕೆಳಗಿಂದ ನೀರು ಉಕ್ಕಿ ಒಲೆಯೇ ಆರಿತು.

"ತಂಗೀ, ಉಗಿಗೆ ದಾರಿ ಬಿಡದಿದ್ರ ಅದು ನೀರ ದೂಡಿಕೊಂಡ ಬರ್ದೇ ಏನ್ ಮಾಡೀತು?" ಸಿದ್ದಲಿಂಗವ್ವ ಬೂದಿ ಬಳಿಯುತ್ತ ಅಂದಳು. "ನಿನ್ನ ತವರಾಗ ಕಡಬು ಕುದಸ್ತಾರೋ, ಒಲಿಗೆ ಜಳಕಾ ಮಾಡಸ್ತಾರೋ?"

"ನಮ್ಮ ತವರಾಗ ಒಲಿಗೂ ಹಬ್ಬ ಮಾಡತೇವ್ರಿ ಅಕ್ಕಾರ," ಎಂದು ಕಾಶಿಬಾಯಿಯೂ ನಕ್ಕಳು. ಗಂಡಂದಿರ ನಡುವಿನ ಮಾತು ಒಲೆಯ ತನಕ ಇನ್ನೂ ಬಂದಿರಲಿಲ್ಲ.

ಸಂಜೆಯ ಬಸ್ಸಿಗೆ ಮಡಿವಾಳಪ್ಪ ತಾಯಿ, ಹೆಂಡತಿ, ಮಕ್ಕಳನ್ನು ಕರೆದುಕೊಂಡು ಮುಂದೆ ಹೋದ. "ಆ ಕಾರಿನ ಭರವಸೆ ನನಗಿಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೋದ. ಅಡಿಗೆಯ ಬುಟ್ಟಿಗಳ ಜೊತೆ ಉಳಿದವರು ಮರುದಿನ ಮುಂಜಾನೆ ಕಾರಿನಲ್ಲಿ ಬರುವುದೆಂದಾಯಿತು.

ಅಮವಾಸ್ಯೆಗೊಮ್ಮೆ ಕಾರು ತೊಳೆಯುವುದು ಶ್ರೀಶೈಲಪ್ಪನ ಕೆಲಸ. ಗಾಣ ನಿಂತ ಮೇಲೆ ಮನೆಯಲ್ಲಿ ಅವನದೆಂದು ಉಳಿದ ಕೆಲಸ ಅದೊಂದೇ. ಅದನ್ನು ಎತ್ತಿನ ಮೈ ತೊಳೆದಷ್ಟೇ ಪ್ರೀತಿಯಿಂದ ಮಾಡುತ್ತಿದ್ದ. ಅವತ್ತು ನಸುಕಿನಲ್ಲೇ ಎದ್ದು, "ಕಾಶವ್ವಾ, ದಪ್ಪನ್ನ ಅರಿವಿ ಒಂದೀಟ ಕೊಡವಾ," ಎಂದು ಕೇಳಿದ. ಅವಳು ತನ್ನ ಹರಿದ ಖಣದ ಕುಪ್ಪಸದ ತೋಳು ಕಿತ್ತು ಕೊಟ್ಟಳು. ಬುಟ್ಟಿ ಇಡಲು ಗಾಣದ ಮನೆಗೆ ಹೋದಾಗ ಮುದುಕ ಕಾರಿನ ಬಾನೆಟ್ಟು ತೆರೆದು ಬಗ್ಗಿದ್ದ. ಇಂಜಿನ್ನಿನ ಬಗಲಿನಿಂದ ಕೆಳಕ್ಕೆ ಬಾಗಿದ್ದ ಒಂದು ಕೊಳವೆಯ ಬಾಯಿಗೆ ಆ ಖಣವನ್ನು ಸುರುಳಿ ಸುತ್ತಿ ಹೆಬ್ಬೆರಳಿನಿಂದ ಒತ್ತಿ ತುಂಬುತ್ತಿದ್ದ.

"ಏನ್ರಿ ಮಾವಾರ ಅದು?"

"ಬೂಚ," ಎಂದ ಮುದುಕ, ಉಸಿರು ಹಿಡಿದು. "ನೋಡವಾ, ಇಷ್ಟ ಶಾಣ್ಯಾ ಮಂದಿ ಇಂಜಿನ್ ಮಾಡ್ಯಾರ, ಬಾಯಿಗೆ ಒಂದ ಬೂಚ ಇಟ್ಟಿಲ್ಲ. ಧೂಳ ಒಳಗ ಹೊಕ್ಕೈತಿ, ಎಣ್ಣಿ ಹೊರಗ ಹನಸತೈತಿ. ಎಣ್ಣಿ ಇದ್ದಲ್ಲೆ ಬಾಯಿ ಬಿಗೀಬೇಕು. ನಮ್ಮಪ್ಪ ಎಣ್ಣಿ ತುಂಬಿದ ತೊಗಲ ಬುದ್ದಲಿಗೆ ಬೂಚ ಇಲ್ಲದ ಹೊಸ್ತಿಲಾ ದಾಟಸ್ತಿರಲಿಲ್ಲ."

"ನೀವ ಇಡೂದೇನ್ರಿ ಯಾವಾಗ್ಲೂ?"

"ಅಮವಾಸಿಗೊಮ್ಮೆ ಇಡತೇನಿ. ಮುಂದಿನ ಅಮವಾಸಿಗೆ ನೋಡಿದ್ರ ಇರೂದಿಲ್ಲ. ಆ ಗನಿ ಕಿತ್ತ ಒಗೀತಾನ ಕಾಣತೈತಿ. ಮಿಸ್ತ್ರಿ ಅವ, ಎಣ್ಣಿ ಕಿಮ್ಮತ್ತ ಅವಗೇನ ಗೊತ್ತು?"

ಕಾಶಿಬಾಯಿ ಬುಟ್ಟಿ ಇಟ್ಟು ಮಗಳ ಜಡೆ ಹಾಕಲು ಒಳಗೆ ಹೋದಳು.

ಬಸವನ ಬಾಗೇವಾಡಿ ದಾಟಿ ಸ್ವಲ್ಪ ದೂರ ಬಂದಿದ್ದರು. ಎರಡೂ ಬದಿಗೆ ಜೋಳ, ಕುಸುಬಿ. ರೇವಣಪ್ಪ ಏನೋ ಹಾಡು ಗುನುಗುತ್ತಿದ್ದವನು ನಿಲ್ಲಿಸಿದ. ಕಾಶಿಬಾಯಿ ಹಿಂದಿನ ಸೀಟಿನಿಂದ ಇಣುಕಿದಳು. ಕೆಂಪು ಗಾಜು ಹತ್ತಿತ್ತು. ಅವಳು ಅದನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು. ಇಷ್ಟು ಸಣ್ಣದು ಎಂದುಕೊಂಡಳು.

ನಿಲ್ಲಿಸಿ ಇಳಿದು ನೋಡಿದರೆ ಕಾರಿನ ಹಿಂದೆ ದಾರಿಯ ಮೇಲೆ ಕರಿಯ ಗೆರೆ ಎಳೆದ ಹಾಗೆ ಎಣ್ಣೆ ಬಿದ್ದಿತ್ತು. ಇಂಜಿನ್ನಿನ ಮೈಯೆಲ್ಲ ತೊಯ್ದಿತ್ತು. ಡಬ್ಬಿಯಲ್ಲಿ ಉಳಿದಿದ್ದ ಎಣ್ಣೆ ಸಾಲಲಿಲ್ಲ. ರೇವಣಪ್ಪ ಡಬ್ಬಿ ಹಿಡಿದು ಎದುರಿಗೆ ಬಂದ ಲಾರಿಗೆ ಕೈ ಮಾಡಿದ. "ಬಾಗೇವಾಡ್ಯಾಗ ತರ್ತೇನಿ. ಅಪ್ಪಾ, ನೀ ನೆಳ್ಳಿಗೆ ಕುಂದ್ರು. ಇನ್ನ ಅಲ್ಲಿ ಅಣ್ಣ ಕುಡಗೋಲ ಮಸಕೋತ ಕುಂತಿರ್ತಾನ," ಎಂದು ಹತ್ತಿ ಹೋದ.

ಜಾಲಿಗಿಡದ ನೆರಳಿನಲ್ಲಿ ಮುದುಕ, ಸೊಸೆ, ಮೊಮ್ಮಗಳು ಕೂತರು. ಮಗಳು ಕಡಬು ಕೇಳಿದಳು. ಬುಟ್ಟಿಯ ಅರಿವೆ ಬಿಚ್ಚುವಾಗ ಕಾಶಿಬಾಯಿಯ ಕೈ ನಿಂತಿತು. ಆರಿದ ಒಲೆ, ಅಕ್ಕನ ಮಾತು, ಮುಂಜಾನೆಯ ಖಣ, ಒಂದರ ಹಿಂದೆ ಒಂದು ಬಂದವು. ಅವಳು ಮಗಳಿಗೆ ಕಡಬು ಕೊಟ್ಟು ಮಾವನ ಕಡೆ ತಿರುಗಿದಳು.

"ಮಾವಾರ, ಒಂದ ಮಾತ ಕೇಳ್ಲೇನ್ರಿ? ಸಿಟ್ಟಾಗಬಾರದು."

"ಕೇಳು."

"ಇಂಜಿನ್ ಒಳಗ ಬೆಂಕಿ ಇರತೈತಲ್ರಿ. ಬೆಂಕಿ ಅಂದ ಮ್ಯಾಲೆ ಉಗಿ ಇದ್ದ ಇರಬೇಕು. ಆ ಕೊಳವಿ ಉಗಿ ಹೋಗಾಕ ಇಟ್ಟಿದ್ರ? ನೀವು ಬೂಚ ಬಿಗದ್ರ ಉಗಿ ಎಣ್ಣೀನ ದೂಡಿಕೊಂಡ ಬ್ಯಾರೆ ಕಡೆಯಿಂದ ಬರೂದಿಲ್ಲೇನ್ರಿ?"

ಶ್ರೀಶೈಲಪ್ಪನ ಮುಖ ಬಿಗಿಯಿತು. "ಕಾಶವ್ವಾ, ನೀ ಹುಟ್ಟೂಕಿಂತ ಮೊದಲಿಂದ ನಾ ಎಣ್ಣಿ ಕಾದಾಂವ."

"ಹೌದ್ರಿ. ಅದು ಕುಸುಬಿ ಎಣ್ಣಿ, ತಣ್ಣಗ ಕುಂತಿರತೈತಿ. ಇದು ಕುದಿಯು ಎಣ್ಣಿ. ದೀಪ ಹತ್ತೂದು ಯಾವಾಗ್ಲೂ ನೀವು ಕಾರ ತೊಳದ ಮ್ಯಾಲೇ ಐತ್ರಿ. ಬೂಚ ತಾನ ಹಾರಿ ಬಿದ್ದ ಮ್ಯಾಲೆ ನಿಲ್ಲತೈತೇನೋ. ಗನಿ ಕಿತ್ತಿರಲಿಕ್ಕಿಲ್ಲ."

ಮುದುಕ ಎದ್ದು ಕಾರಿನ ಹತ್ತಿರ ಹೋದ. ಇಂಜಿನ್ನಿನ ಒಂದೊಂದು ಸಂದಿಗೂ ಬೆರಳಿಟ್ಟು ಬೆರಳು ನೋಡಿಕೊಂಡ. ಎಲ್ಲ ಸಂದಿಯೂ ಒಸರಿತ್ತು. ಕೊನೆಗೆ ಕೊಳವೆಯ ಬೂಚು ಕಿತ್ತ. ಮುಂಜಾನೆ ಹಸಿರು ದಡಿಯಿದ್ದ ಖಣ ಕರಿಯ ಮುದ್ದೆಯಾಗಿ, ಅರ್ಧ ಹೊರಗೆ ಬಂದು, ಇನ್ನೇನು ಬೀಳುವುದರಲ್ಲಿತ್ತು. ಕೊಳವೆಯ ಬಾಯಿಂದ ತೆಳ್ಳನೆಯ ಬಿಸಿ ಹೊಗೆ ಬಂತು. ಮುದುಕ ಅದರ ಮುಂದೆ ಅಂಗೈ ಹಿಡಿದು ಬಹಳ ಹೊತ್ತು ನಿಂತ. ಆಮೇಲೆ ಆ ಮುದ್ದೆಯನ್ನು ಕುಸುಬಿಯ ಹೊಲದೊಳಕ್ಕೆ ಎಸೆದ. ಕೈಯನ್ನು ಧೋತರಕ್ಕೆ ಒರೆಸಿಕೊಂಡ. ಅವನು ಧೋತರಕ್ಕೆ ಕೈ ಒರೆಸಿದ್ದನ್ನು ಅವಳು ಎಂದೂ ನೋಡಿರಲಿಲ್ಲ.

"ರೇವಣ್ಯಾಗ ಹೇಳಬ್ಯಾಡ," ಎಂದ. "ನಾನ ಹೇಳತೇನಿ. ಇಬ್ರಿಗೂ ನಾನ ಹೇಳತೇನಿ."

"ಇವತ್ತ ಹೇಳತೀರೇನ್ರಿ?"

"ಹಬ್ಬದ ದಿನ ಬ್ಯಾಡವಾ."

ಅವಳು ಹೂಂ ಅಂದಳು. ಆ ಮನೆಗೆ ಸೊಸೆಯಾಗಿ ಬಂದಾಗ ಜ್ವರ ಬಂದು ಮಲಗಿದ್ದ ಅವಳ ತಲೆದೆಸೆಗೆ ನೀರಿನ ತಂಬಿಗೆ ಇಟ್ಟು ಹೋದವನು ಮಾವನೊಬ್ಬನೇ.

ಹಬ್ಬ ಮುಗಿಯಿತು. ತಡವಾಗಿ ಬಂದದ್ದಕ್ಕೆ ಮಡಿವಾಳಪ್ಪ ಹೊಲದಲ್ಲೇ ನಾಲ್ಕು ಮಾತು ಆಡಿದ. ರೇವಣಪ್ಪ ತಿರುಗಿ ಎರಡು ಆಡಿದ. ಸಿಂದಗಿಗೆ ಬಂದರು. ಶ್ರೀಶೈಲಪ್ಪ ಹೇಳಲಿಲ್ಲ. ಒಂದು ದಿನ ಅಂಗಡಿಯ ಗದ್ದಲ, ಒಂದು ದಿನ ಬೀಗರು ಬಂದರು, ಆಮೇಲೆ ಸಂಕ್ರಮಣ. ದೀಪ ಹತ್ತಲಿಲ್ಲ. ರೇವಣಪ್ಪ ಅಂಗಳದಿಂದಲೇ ಮಗಳನ್ನು ಕೂಗುತ್ತ ಬರತೊಡಗಿದ. "ಹೊಸ ಪ್ಯಾಕಿಂಗ್ ಈಗ ಕುಂತೈತಿ ನೋಡು," ಎಂದು ಅಬ್ದುಲಗನಿ ಮೀಸೆ ತಿರುವಿದ. "ನಾ ಗೊಳಸಂಗಿ ದೇವರಿಗೆ ಬೇಡಿಕೊಂಡಿದ್ದೆ," ಎಂದಳು ಶೆಟ್ಟೆವ್ವ. ಹೀಗೆ ಒಬ್ಬೊಬ್ಬರೂ ಒಂದೊಂದು ಕಾರಣ ಹಂಚಿಕೊಂಡರು. ನಿಜವಾದ ಕಾರಣ ಎರಡು ಬಾಯಿಗಳಲ್ಲಿ ಬೂಚು ಬಿಗಿದು ಕೂತಿತ್ತು.

ಮಡಿವಾಳಪ್ಪನ ಕಾರಣವೇ ಬೇರೆ. ಒಂದು ಮಧ್ಯಾಹ್ನ ಸಿದ್ದಲಿಂಗವ್ವ ಅಂಗಡಿಗೆ ಬುತ್ತಿ ಕೊಟ್ಟು ಬಂದವಳು ಕಾಶಿಬಾಯಿಯ ಮುಖ ನೋಡದೆ ಹೇಳಿದಳು: "ತಂಗೀ, ನಿಮ್ಮ ಭಾವಾರು ಗಿರಾಕಿ ಮುಂದ ಅನ್ನಾಕತ್ತಾರ. ನಾ ಬಾಯಿಬಿಟ್ಟು ಕಳ್ಳ ಅಂದ ಮ್ಯಾಲೆ ಎಣ್ಣಿ ಉಳಿಯಾಕತ್ತೈತಿ, ಮೊದಲ ಅಂದಿದ್ರ ಮೊದಲ ಉಳೀತಿತ್ತು ಅಂತ. ನಾ ಬ್ಯಾಡಂದೆ. ನನ್ನ ಮಾತ ಎಲ್ಲಿ ಕೇಳ್ತಾರ."

ಕಾಶಿಬಾಯಿ ಬೀಸುಕಲ್ಲಿನ ಗೂಟ ಹಿಡಿದು ಹಾಗೇ ಕೂತಳು. ದೀಪ ಹತ್ತುತ್ತಿದ್ದಾಗ ಗಂಡನ ಮೇಲೆ ಬರಿ ಸಂಶಯವಿತ್ತು. ಆರಿದ ಮೇಲೆ ಅದೇ ಸಾಕ್ಷಿಯಾಯಿತು.

ಮಾವನಿಗೆ ಮಜ್ಜಿಗೆ ಕೊಡುವಾಗ ಮೆಲ್ಲಗೆ, "ಮಾವಾರ," ಎಂದಳು.

"ಗೊತ್ತೈತಿ ಯವ್ವಾ."

"ದಿನಾ ಹೋದಾಂಗ ಅವರ ಹೆಸರ ಕೆಡಾಕತ್ತೈತ್ರಿ."

ಮುದುಕ ತನ್ನ ಎರಡೂ ಕೈಗಳನ್ನು ಮಂಡಿಯ ಮೇಲೆ ಮಲಗಿಸಿ ನೋಡಿದ. "ಹುಟ್ಟಿದಾಗಿಂದ ಎಣ್ಣಿ ಮುಟ್ಟಿದ ಕೈ ಇವು. ಒಬ್ಬ ಮಗನ ಮುಂದ ಇನ್ನೊಬ್ಬ ಮಗನ್ನ ಕಳ್ಳನ ಮಾಡಿದ್ದೂ ಇವ ಅಂತ ಹ್ಯಾಂಗ ಹೇಳ್ಲಿ? ಇನ್ನ ಕಾರಿನ ಹತ್ರನೂ ಬರಗೊಡಾಂಗಿಲ್ಲ ನನ್ನ." ಮಜ್ಜಿಗೆ ಕುಡಿಯದೆ ಕೆಳಗಿಟ್ಟ.

ಅವಳಿಗೆ ಅಯ್ಯೋ ಅನ್ನಿಸಿತು. ಅಯ್ಯೋ ಅನ್ನಿಸಿದ್ದಕ್ಕೆ ಇನ್ನೂ ನಾಲ್ಕು ದಿನ ಹೋದವು.

ಆ ನಾಲ್ಕು ದಿನದಲ್ಲಿ ಒಂದು ದಿನ ರೇವಣಪ್ಪ ಅರ್ಧ ದಾರಿಯಿಂದ ತಿರುಗಿ ಬಂದ. ಇಂಡಿಗೆ ಹೊರಟ ಮಂದಿಯಲ್ಲಿ ಒಬ್ಬ, "ಏನ್ ಡ್ರೈವರ್ ಸಾಹೇಬ್ರ, ಈಗ ಎಣ್ಣಿ ಯಾಪಾರ ಬಿಟ್ಟೀರಂತಲ್ಲ?" ಎಂದು ನಕ್ಕಿದ್ದ. ಉಳಿದವರೂ ನಕ್ಕಿದ್ದರು. ಅವರನ್ನೆಲ್ಲ ದಾರಿಯಲ್ಲೇ ಇಳಿಸಿ ಬಂದವನು ನೆಟ್ಟಗೆ ಅಂಗಡಿಗೆ ಹೋಗಿ, ಕಾರಿನ ಕೀಲಿಕೈಯನ್ನು ಅಣ್ಣನ ತಕ್ಕಡಿಯಲ್ಲಿ ಇಟ್ಟ.

"ಖಂಡೆಪ್ಪಗ ಹೇಳಿ ಕಳಸು. ಕಾರಿನ ಜೋಡಿ ನಾನೂ ಹೊಕ್ಕೇನಿ. ಅವಗ ಡ್ರೈವರ್ ಬೇಕಂತ. ಪರರ ಮನ್ಯಾಗ ಕಳ್ಳ ಅನಿಸಿಕೊಂಡ್ರ ಇಷ್ಟ ಉರಿಯೂದಿಲ್ಲ."

ಮನೆಗೆ ಬಂದು ಕಾಶಿಬಾಯಿಗೆ ಅಷ್ಟೇ ಹೇಳಿದ: "ಗಂಟ ಕಟ್ಟು. ಮುದ್ದೇಬಿಹಾಳದಾಗ ಒಂದ ಖೋಲಿ ಸಿಕ್ಕೀತು."

ಖಂಡೆಪ್ಪ ಬಂದದ್ದು ಅಮವಾಸ್ಯೆಯ ದಿನ. ತಲೆಗೆ ದೊಡ್ಡ ಪಟಗ ಸುತ್ತಿದ, ದೊಡ್ಡ ದನಿಯ ಮನುಷ್ಯ. ಕಾರನ್ನು ಸುತ್ತಿ ನೋಡಿ, ಚಕ್ರಕ್ಕೆ ಒದ್ದು, ಇಂಜಿನ್ನು ಹಚ್ಚಿಸಿ ಕೇಳಿ, ಏನೂ ಅನ್ನದೆ ಊಟಕ್ಕೆ ಕೂತ. ಅವತ್ತು ಶ್ರೀಶೈಲಪ್ಪ ಕಾರು ತೊಳೆದಿರಲಿಲ್ಲ. ಸೊಂಟ ನೋಯುತ್ತದೆ ಎಂದಿದ್ದ. ಮುಂಜಾನೆ ಕಾಶಿಬಾಯಿ ಅವನ ಎದುರು ನಿಂತು, "ಇವತ್ತ ಕಡೀ ದಿನಾ ಮಾವಾರ," ಎಂದು ಹೇಳಿ ಒಳಗೆ ಹೋಗಿದ್ದಳು.

ನಾಲ್ಕು ತಾಟು ಬಡಿಸಿದ್ದಾಯಿತು. ಖಂಡೆಪ್ಪ ರೊಟ್ಟಿ ಮುರಿಯುತ್ತ, "ಮಡಿವಾಳಪ್ಪ, ಎಣ್ಣಿ ಕುಡಿಯು ಕಾರಂತ ಊರಾಗ ಸುದ್ದಿ. ಅದಕ್ಕ ಬೆಲಿ ನೋಡಿ ಹೇಳು," ಎಂದ.

"ಕಾರಿಂದ ಏನೂ ತಪ್ಪಿಲ್ಲ. ಈಗ ಎಲ್ಲಾ ಸರಿ ಐತಿ," ಎಂದ ಮಡಿವಾಳಪ್ಪ. ತಮ್ಮನ ಕಡೆ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ರೇವಣಪ್ಪ ತಲೆ ತಗ್ಗಿಸಿ ಪಲ್ಯ ಕಲಸುತ್ತಿದ್ದ.

"ಮಾವಾರ," ಅಡಿಗೆಮನೆಯ ಬಾಗಿಲಿನಿಂದ ದನಿ ಬಂತು. "ನೀವು ಹೇಳತೀರೋ, ನಾ ಹೇಳ್ಲೋ?"

ಭಾವ ಕೂತಿರುವಾಗ ಕಿರಿಸೊಸೆಯ ದನಿ ಆ ಪಡಸಾಲೆಗೆ ಎಂದೂ ಬಂದಿರಲಿಲ್ಲ. ಶೆಟ್ಟೆವ್ವ, "ಕಾಶೀ!" ಎಂದು ಗದರಿದಳು. ಕಾಶಿಬಾಯಿ ಸೆರಗು ಹಣೆಯ ತನಕ ಎಳೆದುಕೊಂಡು ಹೊಸ್ತಿಲಿನ ಮೇಲೆ ನಿಂತೇ ಇದ್ದಳು.

"ತಡಿ ಯವ್ವಾ," ಎಂದ ಶ್ರೀಶೈಲಪ್ಪ. ತಾಟನ್ನು ಮುಂದಕ್ಕೆ ಸರಿಸಿದ. "ಎಣ್ಣಿ ಹೋದ ದಾರಿ ಕೇಳಿದ್ದಿ ಮಡಿವಾಳಾ. ನಾ ತೋರಸ್ತೇನಿ. ಅಮವಾಸಿಗೊಮ್ಮೆ ಇಂಜಿನ್ನಿನ ಉಗಿ ಕೊಳವಿಗೆ ನಾ ಬೂಚ ಬಿಗೀತಿದ್ದೆ, ಬುದ್ದಲಿಗೆ ಬಿಗದಾಂಗ. ಎಣ್ಣಿ ಉಳೀಲಿ ಅಂತ. ಅದಕ್ಕ ಎಣ್ಣಿ ಎಲ್ಲಾ ಸಂದಿನಾಗಿಂದ ಹೊರಗ ಬೀಳತಿತ್ತು. ಎಳ್ಳಮವಾಸಿ ದಿನ ಈ ಹುಡುಗಿ ತೋರಿಸಿದ್ಲು. ಕಿತ್ತೆ. ಅಂದಿಂದ ದೀಪ ಹತ್ತಿಲ್ಲ."

ಮೊದಲು ಬಾಯಿ ಬಿಟ್ಟವನು ಖಂಡೆಪ್ಪ. "ಹಂಗಾದ್ರ ಇಂಜಿನ್ ಗಟ್ಟಿ ಐತಿ ಅನ್ರಿ! ಕೊಡ್ರಲ್ಲ ಮತ್ತ."

"ನೀ ಸುಮ್ಮ ಉಣ್ಣೋ ಖಂಡೆಪ್ಪ," ಎಂದಳು ಶೆಟ್ಟೆವ್ವ.

"ಅಪ್ಪಾ, ಇಷ್ಟ ದಿನ ಯಾಕ ಹೇಳಲಿಲ್ಲ ನೀ?" ಮಡಿವಾಳಪ್ಪನ ದನಿ ಏರಿತ್ತು.

"ನಾಚಿಕಿ. ಈಗ ಹೇಳೇನಿ. ಇನ್ನ ನೀ ಅವಗ ಅಂದ ಮಾತ ನನಗ ಅನ್ನು."

"ಅಪ್ಪಾ..."

"ಅನ್ನು. ಎಣ್ಣಿ ಕಳದಾಂವ ನಾನ. ನನ್ನ ಮುಖಾ ನೋಡಿ ಅನ್ನು."

"ಅದ ಹ್ಯಾಂಗ ಬರತೈತಿ ಬಾಯಾಗ?"

"ಅವಗ ಹ್ಯಾಂಗ ಬಂತು?"

ಮಡಿವಾಳಪ್ಪ ರೊಟ್ಟಿಯ ತುಂಡನ್ನು ತಾಟಿನಲ್ಲಿ ಇಟ್ಟ. ಎದ್ದ. ಬಚ್ಚಲಿಗೆ ಹೋಗದೆ, ಎಂಜಲುಗೈಯಲ್ಲೇ ಹೊರಗೆ ನಡೆದ. ಸಿದ್ದಲಿಂಗವ್ವ ನೀರಿನ ತಂಬಿಗೆ ಹಿಡಿದು ಹಿಂದೆ ಓಡಿದಳು. ಖಂಡೆಪ್ಪ ಪೂರಾ ಉಂಡು, ಎರಡು ಸಲ ಸಾರು ಹಾಕಿಸಿಕೊಂಡು, ಕಾರಿನ ಮಾತು ಎತ್ತದೆ ಬಸ್ಸಿಗೆ ಹೋದ.

ರೇವಣಪ್ಪ ಅಣ್ಣನ ಕಡೆಗೂ ನೋಡಲಿಲ್ಲ, ಅಪ್ಪನ ಕಡೆಗೂ ನೋಡಲಿಲ್ಲ. ಹೊಸ್ತಿಲಿನ ಮೇಲಿದ್ದ ಹೆಂಡತಿಯನ್ನು ಒಮ್ಮೆ ನೋಡಿ ಹೊರಗೆ ಹೋದ.

ಅವನು ಊಟಕ್ಕೆ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಅಡಿಗೆಮನೆಯಲ್ಲಿ ಅವಳೊಬ್ಬಳೇ ಇದ್ದಳು. ಒಲೆಯ ಹತ್ತಿರವೇ ಕೂತ. ಅವಳು ರೊಟ್ಟಿ ಹಾಕಿದಳು, ಝುಣಕಾ ಹಾಕಿದಳು. ಅವನು ಎರಡು ತುತ್ತು ಉಂಡು ಕೇಳಿದ:

"ಎಳ್ಳಮವಾಸಿಂದ ಗೊತ್ತಿತ್ತು ನಿನಗ."

"ಹೌದ್ರಿ. ಮಾವಾರು ತಾವ ಹೇಳತೇನಂದ್ರು."

"ಊರೆಲ್ಲಾ ಕಳ್ಳ ಅಂದಾಗ ಮನ್ಯಾಗ ಒಬ್ಬಾಕಿ ನನ್ನ ನಂಬ್ಯಾಳಂತ ಬರ್ತಿದ್ದೆ ನಾ. ನೀ ನಂಬೂದೇನಿತ್ತು? ಎಲ್ಲಾ ಗೊತ್ತಿಟ್ಟುಕೊಂಡ ರೊಟ್ಟಿ ನೀಡತಿದ್ದಿ."

ಅವಳಿಗೆ ಹೇಳಲು ಬಹಳವಿತ್ತು. ಮುದುಕನ ಕೈ, ಕುಡಿಯದೆ ಬಿಟ್ಟ ಮಜ್ಜಿಗೆ. ಯಾವುದೂ ಅವನ ತಾಟಿನ ಮುಂದೆ ಇಡುವಂಥದ್ದಾಗಿರಲಿಲ್ಲ. "ತಪ್ಪಾತು," ಎಂದಳು.

ಇನ್ನೊಂದು ರೊಟ್ಟಿ ಹಾಕಿದಳು, ಅವನು ಬೇಡವೆನ್ನಲಿಲ್ಲ.

"ಇನ್ನ ಮ್ಯಾಲೆ ಏನರ ಗೊತ್ತಾದ್ರ ಗೊತ್ತಾದ ದಿನಾನ ಹೇಳು."

"ಹೇಳತೇನಿ."

"ಯಾರ ಬ್ಯಾಡಂದ್ರೂ."

"ಯಾರ ಬ್ಯಾಡಂದ್ರೂ."

ಅವಳು ಒಲೆಯ ಬೆಂಕಿ ಹಿಂದಕ್ಕೆ ಎಳೆದಳು. ಕೂತಲ್ಲಿಂದ ಅವಳಿಗೆ ಹಿತ್ತಲ ಬಾಗಿಲು ಕಾಣುತ್ತಿತ್ತು, ಅವನಿಗೆ ಕಾಣುತ್ತಿರಲಿಲ್ಲ. ಅತ್ತ ನೋಡಿ ಹೇಳಿದಳು:

"ಈಗ ಒಂದ ಗೊತ್ತೈತಿ. ಹೇಳ್ಲೇನು?"

"ಏನು?"

"ನಿಮ್ಮ ಅಣ್ಣಾರು ಆಗಿಂದ ಹಿತ್ತಲ ಬಾಗಿಲದಾಗ ನಿಂತಾರ. ಮಧ್ಯಾಹ್ನಿಂದ ಏನೂ ಉಂಡಿಲ್ಲ. ಒಳಗ ಕಾಲಿಡಾಕ ಅವರಿಗೆ ಆಗವಲ್ದು."

ರೇವಣಪ್ಪ ತಿರುಗಿ ನೋಡಲಿಲ್ಲ. ಕೈಯಲ್ಲಿದ್ದ ತುತ್ತು ಬಾಯಿಗೆ ಇಟ್ಟುಕೊಂಡು ಅಗಿಯುತ್ತ ಬಹಳ ಹೊತ್ತು ಬೆಂಕಿ ನೋಡಿದ. ಕಡೆಗೆ ತನ್ನ ತಾಟನ್ನು ಒಂದು ಗೇಣು ಗೋಡೆಯ ಕಡೆಗೆ ಸರಿಸಿಕೊಂಡ.

"ಇನ್ನೊಂದ ತಾಟ ಹಾಕು," ಎಂದ.